ಕಿವಿರು ನೋಡುವ ಬೆಳಕು

ಎಡಗಿಸೆಯಲ್ಲಿ ತಾಮ್ರದ್ದು, ಹೆಬ್ಬೆರಳಿನಷ್ಟು.
ಬಲಗಿಸೆಯಲ್ಲಿ ಕರಿಯದು, ಕ್ಲಿಪ್ಪು ನಾನೇ ಬಗ್ಗಿಸಿದ್ದು.
ಕೀಲಿಗೊಂಚಲಲ್ಲಿ ಇನ್ನೊಂದು, ಗೇರುಬೀಜದ ಗಾತ್ರ.
"ಕರೆಂಟಿಲ್ಲದ ಊರಿಗೆ ಹೊರಟಿದ್ದೀರೇನು?"
ಎನ್ನುತ್ತಾಳೆ ಸುಲಕ್ಷಾ, ಒಗೆಯುವ ಮುನ್ನ ಕಿಸೆ ತಡಕುತ್ತ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ ನನ್ನದು.
ಅಲ್ಲಿ ಕರೆಂಟು ಹೋಗುವುದೇ ಇಲ್ಲ, ನಿಜ.
ಹೋಗಲೆಂದು ಕಾಯುತ್ತೇನೆ.

ಹಗಲು, ಕಿಟಕಿ ಪಕ್ಕದ ಮೇಜು.
ಹಳೆ ಕಾವಲಿ ಬಿಸಿಮಾಡಿ, ಬೆಸುಗೆ ಕರಗಿ ಹೊಳೆದ ಕ್ಷಣ
ಚಿಮಟದಲ್ಲಿ ಹಳೆ ಎಲ್‌ಇಡಿ ಎತ್ತಿ ಹೊಸದನ್ನು ಕೂರಿಸಬೇಕು,
ಸಾಸಿವೆಯಷ್ಟು ಹಳದಿ ಚೌಕ.
ಒಮ್ಮೆ ಸೀನಿದ್ದಕ್ಕೆ ಹಾರಿಹೋದದ್ದು
ಮೂರು ದಿನದ ಮೇಲೆ ಅವಲಕ್ಕಿಯಲ್ಲಿ ಸಿಕ್ಕಿತು.
ಸ್ಪ್ರಿಂಗಿಗೊಂದು ತಾಮ್ರತಂತಿಯ ಅಡ್ಡದಾರಿ, ರಬ್ಬರುಬಳೆಗೆ ಗ್ರೀಸು,
ತಲೆ ಮಾತ್ರ ಹಬ್ಬುವಾಡದ ಲೇತಿನವನು ಕಡೆದುಕೊಟ್ಟದ್ದು.
ಎರಡು ಸಾವಿರ ಲ್ಯೂಮೆನ್ ಎಂದರೆ ಯಾರಿಗೂ ತಿಳಿಯದು;
ಅಂಗೈ ಸುಡುತ್ತದೆ ಎಂದರೆ ತಿಳಿಯುತ್ತದೆ.

ಕಾರ್ತಿಕದ ಒಂದು ರಾತ್ರಿ, ತಡೆಯಲಾಗದೆ,
ಕೋಡಿಬಾಗದಾಚೆ ಕಾಳಿ ಕಡಲು ಸೇರುವಲ್ಲಿ ನಿಂತು
ದೇವಗಡದ ದೀಪಸ್ತಂಭಕ್ಕೆ ಬಿಟ್ಟೆ.
ಅರ್ಧ ದಾರಿಯಲ್ಲೇ ಕರಗಿತು. ಅದು ಮಾತ್ರ
ಲೆಕ್ಕ ತಪ್ಪದೆ ತಿರುಗಿ, ನನ್ನನ್ನೊಮ್ಮೆ ನೋಡಿಹೋಯಿತು.
ಬೆನ್ನ ಹಿಂದೆ ಬೈಕು ನಿಂತ ಸದ್ದು.
"ಯಾರಿಗ್ರೀ ಸಿಗ್ನಲ್ಲು?"
ನೌಕಾನೆಲೆಯ ಊರು. ಕಡಲಿಗೆ ಬೆಳಕು ಬಿಡುವವನಿಗೆ ಕಾರಣ ಇರಬೇಕು.
"ಯಾರಿಗೂ ಅಲ್ಲ ಸಾಹೇಬ್ರೆ, ಎಲ್ಲಿವರೆಗೆ ಹೋಗ್ತದೆ ನೋಡಿದ್ದು."
ಇದಕ್ಕಿಂತ ಒಳ್ಳೆ ಸುಳ್ಳು ಹೇಳಬಹುದಿತ್ತು.
ಠಾಣೆಯಲ್ಲಿ ಮೂರನ್ನೂ ಕಾಗದದ ಮೇಲೆ ಮಲಗಿಸಿ
ಹೆಸರು, ತಂದೆ ಹೆಸರು, ಲ್ಯೂಮೆನ್ ಬರೆದುಕೊಂಡರು.

ಎಂಟು ದಿನಕ್ಕೆ ಅದೇ ಪೇದೆ, ಹಮ್ಮಣ್ಣ ಗೌಡ, ಅಂಕೋಲೆ ಕಡೆಯವ,
ಬಾಗಿಲಲ್ಲಿ. ಸಮವಸ್ತ್ರವಿಲ್ಲ. ಸುಲಕ್ಷಾ ಹೆದರಿಕೊಂಡೇ ಚಹಾ ಇಟ್ಟಳು.
ಪೇಪರು ಬಿಚ್ಚಿ ಸರಕಾರಿ ಬ್ಯಾಟರಿ ತೆಗೆದ.
"ಬೆಳಕು ಬೇಕಾದಷ್ಟುಂಟು. ಬಣ್ಣ ಸರಿಯಿಲ್ಲ."
ಇಷ್ಟು ವರ್ಷದಲ್ಲಿ ಈ ಮಾತು ಆಡಿದ ಮೊದಲ ಮನುಷ್ಯ!
ನಾನು ಶುರುಹಚ್ಚಿಕೊಂಡೆ: ಅಗ್ಗದ ಬಿಳಿಯಲ್ಲಿ ಕೆಂಪು ಸಾಯುತ್ತದೆ,
ಶೇವಂತಿಬಾಯಿಯ ಬುಟ್ಟಿ ಮುಂದೆ ಕೂತು ಪರೀಕ್ಷೆ ಮಾಡಿದ್ದೇನೆ,
ಹಳೆಯದರಲ್ಲಿ ಆಗತಾನೆ ಬಂದ ಬಂಗಡೆಯ ಕಿವಿರೂ ಕಪ್ಪು,
ಹೊಸದರಲ್ಲಿ ದಾಸವಾಳ;
ಗಿರಾಕಿ ಬರುವಾಗ ಅದನ್ನೇ ಹಚ್ಚು ಮಗಾ, ಎಂದಳು ಆಕೆ...

ಮುಗಿಯಲೆಂದು ಕಾದು, ಬಿಸ್ಕಿಟು ಮುರಿಯದೆ ಕೈಯಲ್ಲೇ ಹಿಡಿದು, ಅವನೆಂದ:
"ನೀರಿಂದ ತೆಗೆದವರನ್ನ ತೋರಿಸ್ಬೇಕಾಗ್ತದೆ.
ಮನೆಯವರು ರಾತ್ರಿಯೇ ಬರ್ತಾರೆ, ಬೆಳಗಾಗೋವರೆಗೆ ಕಾಯೋದಿಲ್ಲ.
ಇದನ್ನ ಹಿಡಿದ್ರೆ ಎಲ್ಲರೂ ಹಸಿರು.
ಹೋದ ಮಳೆಗಾಲ ಒಬ್ಬಾಕೆ, ಇವನಲ್ಲ, ಇವನಲ್ಲ ಅಂತ
ವಾಪಸ್ ಹೋದಳು.
ಅವನೇ ಆಗಿದ್ದ."

ಕಾವಲಿ ಬಿಸಿಗಿಟ್ಟೆ.
ನನ್ನ ತಾಮ್ರದ್ದಕ್ಕೆಂದು ತೆಗೆದಿಟ್ಟದ್ದು ಡಬ್ಬಿಯ ತಳದಲ್ಲಿ ಒಂದಿತ್ತು.
ಉಸಿರು ಬಿಗಿಹಿಡಿದು ಕೂರಿಸಿದೆ. ಅವನೂ ಹಿಡಿದಿದ್ದ.
ಇನ್ನು ಮೊದಲಿನ ಅರ್ಧದಷ್ಟೇ ಬೆಳಕು, ಎಂದೆ.
"ಸಾಕು," ಎಂದು ತನ್ನ ಅಂಗೈಗೆ ಬಿಟ್ಟುಕೊಂಡ,
ಹಿಂದೆ, ಮುಂದೆ, ಉಗುರಿನ ಬುಡ.
ಆಮೇಲೆ, ಹೇಳದೆ ಕೇಳದೆ, ನನ್ನ ಮುಖಕ್ಕೆ.
ಕಣ್ಣು ಮುಚ್ಚಿಕೊಂಡೆ.
"ಹಾಂ," ಅಂದ. "ಗುರ್ತ ಸಿಗ್ತದೆ."