ಬಲಕ್ಕ ಒಗಿಯೋ ಕಾಯಿ

ಇಂಡಿಯ ನಿಂಬಿ ಅಡತಿ ಅಂಗಡಿ, ಹಿಂದಿನ ಪತ್ರಾಸಿನ ಕೆಳಗ
ಕಾಯಿ ಆರಸಾಕಿ ನಾನು, ಬೌರವ್ವ.
ಒಂದನೇದು, ಎರಡನೇದು, ಉಪ್ಪಿನಕಾಯಿಗೆ.
ಮೈಮ್ಯಾಲ ಬೂದಿ ಬಡದಂಥ ಕಾಯಿ ಬಂದ್ರ
‘ನುಸಿ’ ಅಂತ ಬಲಕ್ಕ ಒಗೀತೀನಿ.
ಹದಿನೇಳು ವರ್ಷ ಒಗದೀನಿ.
ನುಸಿ ಹೆಂಗಿರ್ತದಂತ ಕಂಡಾಕಿ ಅಲ್ಲ.

ಹೆಗ್ಗಣ ಗೊತ್ತು. ಹೆಗ್ಗಣ ಯಾರಿಗಿ ಗೊತ್ತಿಲ್ಲ?
ಗ್ವಾಡಿ ಬುಡಕ್ಕ ರಾತ್ರೋರಾತ್ರಿ ಹೊಸ ಮಣ್ಣಿನ ಗುಂಪಿ,
ಒಳಗಿದ್ದಾಗ ಬಾಗಲಕ್ಕ ತಾನ ಮಣ್ಣು ಜಡೀತದ,
ಹಿಂದ ಒಂದು ತೆಳ್ಳನ ಕಂಡಿ ಇಟ್ಟಿರ್ತದ
ಹೊತ್ತು ಬಂದ್ರ ತಲಿಲೆ ಒಡದು ಓಡಾಕ.
ಸುಗ್ಗಿ ಮುಗದ ಮ್ಯಾಲ ನಮ್ಮಾಯಿ
ಎರಿ ಹೊಲದಾಗ ಬಿಲ ಅಗದು
ಉಡಿ ತುಂಬ ಜೋಳದ ತೆನಿ ತರತಿದ್ಳು.
‘ನನಕಿಂತ ಚೊಲೋ ಕೂಡಿ ಇಟ್ಟದ ನೋಡು ಹಾಟ್ಯಾಂದು’
ಅಂತ ಬೈಕೋತನ
ಎರಡು ತೆನಿ ಒಳಗ ಬಿಟ್ಟು ಮುಚ್ಚತಿದ್ಳು.

ನುಸಿಗೆ ಯಾರು ಬೈತಾರ?
ಬೈಯಾಕ ಒಂದು ಮಾರಿ ಬೇಕಲ್ಲ.

ಮೊನ್ನಿ ಔಷಧ ಕಂಪನಿ ಹುಡುಗ ಭೂತಗನ್ನಡಿ ಮರತು ಹೋದ.
ಲಾಲಬಿ ಚಾ ತರೋದರೊಳಗ
ಬುಟ್ಟಿಯೊಳಗಿನ ಒಂದು ಎಲಿ ಮಗಚಿ ಹಿಡದೆ.
ಕುಂಕುಮದ ಕಣಕ್ಕ ಕಾಲು ಮೂಡಿ ಓಡಿತು.
ಎಣಿಸಿದೆ, ಎಂಟು.
ಅದರ ಹಿಂದ ಸಣ್ಣದೊಂದು, ಅದಕ್ಕ ಆರು.
ತಪ್ಪಿತೇನೋ ಅಂತ ಮತ್ತ ಎಣಿಸಿದೆ. ಆರ.
ಎಲಿ ನರದ ಗುಂಟ ನೂಲು ಬಿಗದದ,
ನೂಲಿನಡಿ ಗಾಜಿನ ಮಣಿಯಂಥ ತತ್ತಿ.
ಹಲ್ಲಿಲ್ಲ, ತೋಡೂದಿಲ್ಲ.
ಚುಚ್ಚಿ, ಹಸರು ಕುಡದು,
ಬಿಳೀ ಚುಕ್ಕಿ ಬಿಟ್ಟು ಮುಂದಕ್ಕ.
ಕೂಡಿ ಇಡೂದು ಏನೂ ಇಲ್ಲ,
ಯಾವ ಆಯಿ ಅಗದ್ರೂ ಮರಳಿ ಸಿಗೂದಿಲ್ಲ.

ಒಂದು ನೆಲಕ್ಕ ಮನಿ ಅಂತದ, ಒಂದು ಎಲಿಗೆ.

ಅದ ಗಾಜು ಹಿಡಕೊಂಡು
ಗ್ವಾಡಿ ಬುಡದ ಬಿಲಕ್ಕ ಬಗ್ಗಿದೆ.
ಕತ್ತಲಿ ದೊಡ್ಡದಾತು, ಅಷ್ಟ.

ಆಮ್ಯಾಲ ನನ್ನ ಅಂಗೈಗೆ ಹಿಡದೆ.
ಹುಳಿ ತಿಂದ ಚರ್ಮ, ಅಡ್ಡ ಉದ್ದ ಬಿರುಕು,
ಬ್ಯಾಸಗಿ ಎರಿ ಹೊಲದ ಗತಿ,
ನಡುನಡುವ ಬೆಳ್ಳನ ಚುಕ್ಕಿ.
ಇದನ್ನ ಕುಡದವರು ಎಷ್ಟು ಕಾಲಿನವರೋ.

‘ಏನ ಹುಡಕತಿ?’ ಬಸಿ ಚಾಚಿದ್ಳು ಲಾಲಬಿ.
ಟೆಂಪೋ ಬಂತು, ಕಾಯಿ ಸುರುವಿದ್ರು.
ಗಾಜು ಉಡಿಯಾಗ ಹಾಕಿದೆ.
ಸಂಜಿತನಕ ಬಲಕ್ಕ ಒಗದ ಒಂದೊಂದು ಕಾಯಿನೂ
ತುಸು ತಡದು ಒಗದೆ.