ಆ ಮನುಷ್ಯನ ಮಾತು

ಜುಬ್ಬಾದೀನ್ ಎಂಬ ಈ ಬೋಳುಗುಡ್ಡದ ಊರಿಗೆ
ನಾನು ಬಂದದ್ದು ಪದ ಹೆಕ್ಕಲು.
ಅವನಾಡಿದ ನುಡಿಯ ಉಳಿದ ಚೂರು
ಇಲ್ಲಿ ಇನ್ನೂ ಕೋಳಿ ಅಟ್ಟುತ್ತದೆ, ಮಕ್ಕಳ ಕಿವಿ ಹಿಂಡುತ್ತದೆ,
ಬಿಕ್ಕಳಿಸುವವರಿಗೆ ನೀರು ಕೊಡುತ್ತದೆ.

ನಮ್ಮ ಮನೆಯಲ್ಲಿ ಅವನಿಗೆ ಹೆಸರಿರಲಿಲ್ಲ.
'ಆ ಮನುಷ್ಯ' ಎನ್ನುತ್ತಿದ್ದಳು ಅಜ್ಜಿ,
ಸಾಲ ತೀರಿಸದೆ ಊರು ಬಿಟ್ಟ ಭಾವನನ್ನು
ನೆನೆದಂತೆ, ದನಿ ತಗ್ಗಿಸಿ.

ಒಲೆಯ ಮುಂದೆ ಹಸೀಬಾ, ಮೊಣಕೈವರೆಗೂ ಹಿಟ್ಟು;
ಪಕ್ಕದಲ್ಲಿ ಮಾಲೂಲದಿಂದ ಬಂದ ಗೆಳತಿ ಬರ್ಬಾರಾ.
ಟೇಪಿನ ಕೆಂಪು ದೀಪ ಹೊತ್ತಿತು.
'ಏನಾದರೂ ಮಾತಾಡಿ' ಎಂದೆ. ತಪ್ಪಾಯಿತು.

'ಇಲ್ಲಿ ಮೊಳೆ ಹೊಡೆದರು', ಬರ್ಬಾರಾ ಅಂಗೈ ಒಡ್ಡಿದಳು.
'ಎಲ್ಲಿ ಹೊಡೆದರು? ಮುಟ್ಟಲಿಕ್ಕೇ ಆಗಲಿಲ್ಲ.
ಮರ್ಯಮಳ ಮಗನನ್ನು ದೇವರೇ ಎತ್ತಿಕೊಂಡ.
ಆ ತಾಯಿಯ ಹೆಸರು ನಿನಗಿಂತ ಹೆಚ್ಚು ನಾ ಹೇಳುತ್ತೇನೆ.'
'ಹೇಳು, ಬೇಡವೆಂದೆನೆ? ಆದರೆ ಸತ್ತ.
ಸಾಯದೆ ಏಳುವುದು ಹೇಗೆ?'

ನಲವತ್ತು ವರ್ಷದ ಜಗಳ, ಇಬ್ಬರಿಗೂ ಬಾಯಿಪಾಠ.
ಒಬ್ಬಳು ಮರೆತ ಮಾತನ್ನು
ಇನ್ನೊಬ್ಬಳೇ ಎತ್ತಿಕೊಟ್ಟಳು.

ಅಷ್ಟರಲ್ಲಿ ಹೊಗೆ.
'ಲೆಹ್ಮ!'
ಕೂಗಿದರು ಇಬ್ಬರೂ, ಬರಿಗೈ ಬೆಂಕಿಗೆ.

ರಾತ್ರಿ ಅದೊಂದನ್ನೇ ತಿರುಗಿಸಿ ತಿರುಗಿಸಿ ಕೇಳಿದೆ.
ಲೆಹ್ಮ: ರೊಟ್ಟಿ. ನಾಮಪದ. ಬರೆದುಕೊಂಡೆ.
ಶುಕ್ರವಾರದ ಸಂಜೆ ರೊಟ್ಟಿ ಮುರಿಯುವ ಮುಂಚೆ
ಅಜ್ಜಿಯ ಬಾಯಲ್ಲಿ ಅದು 'ಲೆಹೆಮ್'.
ಆಡಿ ದಣಿದು ಮನೆಗೆ ಓಡಿಬಂದು
ಆ ಮನುಷ್ಯನೂ ಹೀಗೇ ಕೂಗಿರಬೇಕು,
ಒಲೆಯ ಬಳಿ ಕೂತ ತಾಯಿಗೆ.

ಸೀದ ಅಂಚು ನನ್ನ ಪಾಲಿಗೆ ಬಂದಿತ್ತು.
ಕಹಿ. ತಿಂದೆ.