ಕಲಂ ಹತ್ತು

ಹೊಸಕೋಟೆ ಕಡೆಯ ಬಸ್ಸು
ಎಡಕ್ಕೆ ಹೊರಳಿ ಉಸಿರು ಬಿಡುವಲ್ಲಿ ಊರು.
ಬೋರ್ಡಿನಲ್ಲಿ ಹುಣಸೆಕುಂಟೆ.
ಕಂಡಕ್ಟರ್ ಕೂಗುವುದು ಚಿಂತಕುಂಟ,
ಇಳಿಯುವವರಲ್ಲಿ ಅರ್ಧ ಜನಕ್ಕೆ ಪುಳಿಯಂಕುಟ್ಟೈ,
ಮಸೀದಿ ಬೀದಿಗೆ ಇಮ್ಲಿಕುಂಟಾ.
ಬಿಲ್ಡರ್ ನಿಲ್ಲಿಸಿದ ಕಮಾನಿನ ಮೇಲೆ ಟ್ಯಾಮರಿಂಡ್ ಲೇಕ್ ವ್ಯೂ;
ಅಲ್ಲಿಂದ ಕಾಣುವುದು ಗುಜರಿ ಗೋಡೌನು.

ಶಾಲೆಗೆ ರಜೆ, ನನಗೆ ಎಣಿಕೆ ಡ್ಯೂಟಿ.
ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತ
ಮುನ್ನೂರ ಹನ್ನೊಂದನೇ ಬಾಗಿಲಿಗೆ ಬಂದಾಗ
ಅಂತೋಣಿಯಮ್ಮ ಮೊದಲು ಮಜ್ಜಿಗೆ ಕೊಟ್ಟಳು.

"ಮಾತೃಭಾಷೆ?"
"ಅಮ್ಮಂದಾ? ಅಮ್ಮ ತಮಿಳು, ಬೇಗ ಹೋದ್ಳು.
ಸಾಕಿದ್ದು ಪಕ್ಕದ್ಮನೆ ನನ್ನೀಮಾ, ಅವಳದು ಸಾಬರ ಮಾತು.
ಬಯ್ಯೋದು ತೆಲುಗಲ್ಲಿ,
ನಮ್ಮೆಜಮಾನ್ರಿಗೆ ಅದೊಂದೇ ನಾಟೋದು.
ಚೀಟಿ ಲೆಕ್ಕ ಕನ್ನಡದಲ್ಲಿ, ಮಗ್ಗಿ ಕಲ್ತಿದ್ದು ನಿಮ್ಮ ಸ್ಕೂಲಲ್ಲೇ.
ಪ್ರೇಯರ್ ಮಾತ್ರ ಸುಮ್ನೆ ಕೂತು.
ಯಾವ್ದು ಬೇಕೋ ಬರ್ಕೊಳಿ ಮಿಸ್ಸು."

ಕಲಂ ಹತ್ತರಲ್ಲಿ ಒಂದೇ ಗೆರೆ.
ಪೆನ್ಸಿಲ್ಲಿನಲ್ಲಿ ಏನೋ ಗೀಚಿ ಮುಂದೆ ಹೋದೆ.

ಹಿಂದಿನ ಶೀಟಿನ ಮನೆಯಲ್ಲಿ ಖಗೇಶ್ವರ
ತಲೆ ಎಣಿಸಿ ಹೇಳಿದ: "ಹಗಲು ಐದು, ರಾತ್ರಿ ಆರು."
ಚಾಪೆಗಳು ಅವೇ.
ಊರ ಹೆಸರು ಗೊತ್ತಾ ಎಂದೆ.
"ಲಾಸ್ಟ್ ಸ್ಟಾಪ್," ಎಂದ. ಅವನ ತಾಯಿ
ಕಾಗದದ ಮೇಲೂ ಹಾಗೇ ಬರೆಸುತ್ತಾಳಂತೆ,
ಬಂದು ಮುಟ್ಟುತ್ತದಂತೆ.

ಕಟ್ಟೆಯ ಮೇಲೆ ಪಿಳ್ಳಮುನಿಯಪ್ಪ
ಬೀಡಿ ಆರಿಸಿ ಕಿವಿಯ ಸಂದಿಗಿಟ್ಟ:
"ಹುಣಸೇಮರ ಎಲ್ಲಿತ್ತಮ್ಮ ಇಲ್ಲಿ! ದಂಡೇಲಿ ಇದ್ದದ್ದು ಹೊಂಗೆ.
ಅಳತೆ ಮಾಡೋಕೆ ಬಂದ ಅಮಲ್ದಾರ ಕುದುರೆ ಮೇಲಿಂದ ಏನೋ ಕೇಳ್ದ.
ನಮ್ಮ ಮುತ್ತಾತನಿಗೆ ಕಿವಿ ಮಂದ.
ಬಾಯಲ್ಲೇನೋ ಅಂತಾನೆ ಅಂದ್ಕೊಂಡು
'ಹುಣಸೆ ಬುದ್ಧೀ' ಅಂದ."

ಅಷ್ಟೇ.
ಇಲ್ಲದ ಮರವನ್ನು ನಾಲ್ಕು ನಾಲಿಗೆ
ಜತನವಾಗಿ ತಂತಮ್ಮ ಹಿತ್ತಲಿಗೆ ನೆಟ್ಟುಕೊಂಡವು.
ಕುಂಟೆಯೂ ಈಗಿಲ್ಲ, ಮಣ್ಣು ತುಂಬಿ ಬಸ್ಸು ತಿರುಗಿಸುತ್ತಾರೆ.

"ಅದಕ್ಕೆ ಮುಂಚೆ ಏನಂತಿದ್ರು?"
ಮುದುಕ ತುಂಬ ಹೊತ್ತು ಯೋಚಿಸಿದ.
"ಊರು ಅಂತಿದ್ರು.
ಊರಿಗೆ ಹೊಂಟೆ ಅಂದ್ರೆ ಇಲ್ಲಿಗೇ."
ಪಕ್ಕದಲ್ಲಿ ಪೇಪರು ಮಡಚುತ್ತಿದ್ದ ತಮಿಳಿನವನು
ಊರ್, ಎಂದ, ತನ್ನದನ್ನು ತಾನೇ ಸರಿ ಮಾಡಿಕೊಳ್ಳುವವನಂತೆ.

ಬಸ್ಸಿನಲ್ಲಿ ಕೂತು ಮೊತ್ತ ಹಾಕಿದೆ:
ಎರಡು ಸಾವಿರದ ನೂರ ನಲವತ್ತಾರು,
ರಾತ್ರಿಯ ಆರು ಜನ ಸೇರಿ.
ಮುನ್ನೂರ ಹನ್ನೊಂದರ ಗೆರೆ ಇನ್ನೂ ಪೆನ್ಸಿಲ್ಲೇ.
ನಾಳೆ ಸೂಪರ್‌ವೈಸರ್ ರೇಗುತ್ತಾನೆ.
ಫಾರಮ್ಮು ಮಾಡಿದವರು
ಬಾಯಲ್ಲೇನಮ್ಮ ಎಂದು ಕೇಳಿದ್ದರೆ
ಅಂತೋಣಿಯಮ್ಮ ಥಟ್ಟನೆ ಹೇಳುತ್ತಿದ್ದಳು.